ಕಾಲು ಮುಂದಾಗಿ ಹುಟ್ಟಿದವಳು

ಅವ್ವನ ಹೊಟ್ಟೆಯಿಂದ ನಾನು ಕಾಲು ಮುಂದಾಗಿ ಬಂದೆನಂತೆ. ಎಲ್ಲರೂ ತಲೆ ಮುಂದೆ ಮಾಡಿಕೊಂಡು ಲೋಕಕ್ಕೆ ಇಳಿದರೆ ನಾನು ಪಾದ ತೋರಿಸಿಕೊಂಡು ಇಳಿದವಳು. ನಮ್ಮಿಬ್ಬರ ಜೀವವನ್ನೂ ಉಳಿಸಿದ ಸೂಲಗಿತ್ತಿ ಬೆವರು ಒರೆಸಿಕೊಳ್ಳುತ್ತ, "ಈ ಕೂಸು ಊರಿಗಿ ಬೇಕಾಗ್ತದ ನೋಡ್ರಿ" ಅಂದಳಂತೆ. ಹಾಗೇ ಆಯಿತು. ನಮ್ಮ ಕಮಲಾಪುರದ ಕಡೆ, ಭಾರ ಎತ್ತುವಾಗಲೋ ಬಗ್ಗಿ ಏಳುವಾಗಲೋ ಬೆನ್ನು ಹಿಡಿದುಕೊಂಡು ಮನುಷ್ಯ ಗೂಟದಂತೆ ನಿಂತುಬಿಟ್ಟರೆ ಅದಕ್ಕೆ ಚಳಕು ಎನ್ನುತ್ತಾರೆ. ಚಳಕು ಬಿಡಬೇಕೆಂದರೆ ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಳ್ಳಬೇಕು. ನಡೆಯಲು ಕಲಿತಾಗಿನಿಂದ ನಾನು ಊರಿನವರ ಬೆನ್ನು ಒದೆಯುತ್ತ ಬೆಳೆದೆ.

ಒದೆಯುವುದೆಂದರೆ ಮನಸ್ಸಿಗೆ ಬಂದಂತೆ ಒದೆಯುವುದಲ್ಲ. ಭಾನುವಾರ ಬೆಳಿಗ್ಗೆಯೇ ಆಗಬೇಕು. ಒದೆಯುವವರು ಏನೂ ತಿಂದಿರಬಾರದು, ಚಹಾ ಕೂಡ ಕುಡಿದಿರಬಾರದು. ಚಳಕು ಹಿಡಿದವರು ಬಾಗಿಲ ಚೌಕಟ್ಟು ಹಿಡಿದು ಬೆನ್ನು ಕೊಟ್ಟು ನಿಲ್ಲಬೇಕು. ಮೂರು ಸಲ ಒದ್ದ ಮೇಲೆ, ದೊಡ್ಡವರನ್ನು ಒದ್ದ ಪಾಪ ತಟ್ಟದಿರಲಿ ಎಂದು, ಒದ್ದವರು ಬಗ್ಗಿ ಅವರ ಹಿಮ್ಮಡಿ ಮುಟ್ಟಿ ನಮಸ್ಕಾರ ಮಾಡಬೇಕು. ಕೈ ಹಿಮ್ಮಡಿಗೆ ತಗಲುವವರೆಗೆ ಇಬ್ಬರೂ ಮಾತಾಡಬಾರದು, ನಿಂತವರು ಹಿಂದೆ ತಿರುಗಿ ನೋಡಬಾರದು. ಮಾತಾಡಿದರೆ, ತಿರುಗಿದರೆ, ಒದ್ದದ್ದೆಲ್ಲ ದಂಡ. ಚಳಕು ಬಿಟ್ಟ ಜಾಗಕ್ಕೇ ಬಂದು ಕೂರುತ್ತದೆ.

ಈ ಕಾರ್ಯಕ್ಕೆಲ್ಲ ಉಸ್ತುವಾರಿ ನನ್ನ ಅಕ್ಕ. ನನಗಿಂತ ಬಹಳ ದೊಡ್ಡವಳು, ಆಗಲೇ ಲಂಗ ದಾವಣಿ ಉಡುತ್ತಿದ್ದವಳು. ನಾನು ಕುಳ್ಳಿ, ದೊಡ್ಡವರ ಬೆನ್ನು ನನ್ನ ಕಾಲಿಗೆ ನಿಲುಕುತ್ತಿರಲಿಲ್ಲ. ಅಕ್ಕ ನನ್ನ ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿ ಹಿಡಿಯುತ್ತಿದ್ದಳು, ನಾನು ಗಾಳಿಯಲ್ಲಿ ಕಾಲು ಬೀಸುತ್ತಿದ್ದೆ. ಎಷ್ಟೋ ಸಲ ನನಗೆ ನಗು ಬರುತ್ತಿತ್ತು. ನಕ್ಕರೆ ಮಾತಾಡಿದಂತೆಯೇ ಲೆಕ್ಕ ಎಂದು ಅಕ್ಕ ಹಿಂದಿನಿಂದ ನನ್ನ ಪಕ್ಕೆ ಚಿವುಟುತ್ತಿದ್ದಳು. ಕೆಲಸ ಮುಗಿದ ಮೇಲೆ ಒದೆಸಿಕೊಂಡವರು ಕೊಟ್ಟ ಬೆಲ್ಲ, ಕೊಬ್ಬರಿ ಇಬ್ಬರೂ ಹಂಚಿಕೊಂಡು ತಿನ್ನುತ್ತಿದ್ದೆವು. ನನ್ನ ಕಾಲಿಗೆ ಊರಲ್ಲಿ ಇದ್ದ ಮರ್ಯಾದೆ ಮುಂದೆ ನನ್ನ ತಲೆಗೆ ಎಲ್ಲಿಯೂ ಸಿಗಲಿಲ್ಲ.

ತಲೆಯ ಮಾತಿಗೇ ಬರುತ್ತೇನೆ.

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ, ಲಾಡ್ಜುಗಳ ಹಿಂದಿನ ಗಲ್ಲಿಯ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ನಾನು ಕನ್ನಡ ಟೈಪಿಂಗ್ ಮಾಡುತ್ತೇನೆ. ಲಗ್ನಪತ್ರಿಕೆ, ಶ್ರದ್ಧಾಂಜಲಿ, ಪಿಎಚ್.ಡಿ. ಪ್ರಬಂಧ, ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿಸುವವರ ಕವನ, ಎಲ್ಲವೂ ನನ್ನ ಬೆರಳಿನಿಂದ ದಾಟಿ ಹೋಗಿವೆ. ಕಂಪ್ಯೂಟರ್ ಎದುರಿಗೆ, ಕೈಬರಹದ ಹಾಳೆ ಎಡಕ್ಕೆ. ಹರೆಯದಲ್ಲಿ ಬಂದು ಆ ಕುರ್ಚಿಯಲ್ಲಿ ಕೂತವಳು ಕೂದಲು ನರೆಯುವವರೆಗೂ ಎಡಕ್ಕೆ ತಿರುಗಿ, ಕೆಳಕ್ಕೆ ಬಗ್ಗಿ ಬೇರೆಯವರ ಮಾತು ಓದುತ್ತ ಉಳಿದೆ. ಪಿಎಚ್.ಡಿ.ಯವರ ಅಕ್ಷರ ಎಂದರೆ ಇರುವೆ ಮಸಿಯಲ್ಲಿ ಬಿದ್ದು ಎದ್ದು ಓಡಾಡಿದ್ದು. ಅದನ್ನು ಓದಲು ಕುತ್ತಿಗೆ ಇನ್ನೂ ಒಂದು ಗೇಣು ಮುಂದೆ ಹೋಗಬೇಕು. ಹೋದ ಕುತ್ತಿಗೆ ವಾಪಸು ಬರಲೇ ಇಲ್ಲ.

ನೋವು ಹೆಡಕಿನಲ್ಲಿ, ಕುತ್ತಿಗೆಯ ಹಿಂಭಾಗದಲ್ಲಿ, ಎಡಕ್ಕೆ ಹುಟ್ಟುತ್ತದೆ. ಯಾರೋ ಹೆಬ್ಬೆರಳು ಒತ್ತಿ ಹಿಡಿದ ಹಾಗೆ. ಮೊದಮೊದಲು ಅಷ್ಟೇ ಇತ್ತು, ಜಂಡು ಬಾಮ್ ಹಚ್ಚಿಕೊಂಡರೆ ಹೋಗುತ್ತಿತ್ತು. ಆಮೇಲೆ ಅದು ಕಿವಿಯ ಹಿಂದಿನಿಂದ ಹತ್ತಿ ಎಡಗಣ್ಣಿನ ಒಳಗೆ ಮನೆ ಮಾಡಿತು. ಬರುವ ಮೊದಲು ಕಣ್ಣ ಅಂಚಿನಲ್ಲಿ ಒಂದು ಡೊಂಕು ಗೆರೆ ಮಿಣಮಿಣ ಎನ್ನುತ್ತದೆ, ಕೆಡಲು ಬಂದ ಟ್ಯೂಬ್‌ಲೈಟಿನಂತೆ. ನೋಡುತ್ತಿರುವಂತೆಯೇ ಪರದೆಯ ಮೇಲಿನ ಅಕ್ಷರ ಅರ್ಧಕ್ಕರ್ಧ ಮಾಯ. ಲಗ್ನಪತ್ರಿಕೆಯಲ್ಲಿ ಹುಡುಗಿಯ ಹೆಸರು ಇರುತ್ತದೆ, ಹುಡುಗ ಇರುವುದಿಲ್ಲ. ಆಗ ಇದ್ದಷ್ಟನ್ನು ಸೇವ್ ಮಾಡಿ ಎದ್ದುಬಿಡಬೇಕು.

ಅಂಗಡಿಯ ಮಾಲಕ ವಯಸ್ಸಾದವರು, ನಾನು ಅವರಿಗೆ ಚಾಚಾ ಎನ್ನುತ್ತೇನೆ. ನಾನು ಕಣ್ಣು ಉಜ್ಜಿಕೊಂಡರೆ ಸಾಕು, ಅವರಿಗೆ ಗೊತ್ತಾಗುತ್ತದೆ. "ಆಧಾಸೀಸಿ ಬಂತೇನ್ ಬೇಟಿ? ಹೋಗು, ಮನಿಗಿ ಹೋಗು. ಶಾದಿ ಕಾರ್ಡ್ ಎಲ್ಲಿ ಓಡಿ ಹೋಗ್ತದ?" ಎಂದು ಆಟೋ ಕರೆಯುತ್ತಾರೆ. ಅವರ ತಾಯಿಗೂ ಇದೇ ಅರ್ಧ ತಲೆನೋವು ಇತ್ತಂತೆ. ಹಾಗಾಗಿ ಅವರು ನನಗೆ ಏನನ್ನೂ ವಿವರಿಸಲು ಹಚ್ಚುವುದಿಲ್ಲ. ಉಳಿದ ಜನರಿಗೆ ವಿವರಿಸಿ ವಿವರಿಸಿ ನನಗೆ ಸಾಕಾಗಿದೆ. ಒಬ್ಬರು ಶುಂಠಿ ತೇಯ್ದು ಹಚ್ಚು ಎನ್ನುತ್ತಾರೆ, ಒಬ್ಬರು ನೀರು ಜಾಸ್ತಿ ಕುಡಿ ಎನ್ನುತ್ತಾರೆ, ಮೊಬೈಲು ನೋಡಬೇಡ ಎಂದು ಮೊಬೈಲಿನಲ್ಲೇ ಸಂದೇಶ ಕಳಿಸುವವರೂ ಇದ್ದಾರೆ.

ನನ್ನ ಬಾಡಿಗೆ ಮನೆ ಇರುವುದು ಊರ ಅಂಚಿನ ಶರಣಸಿರಸಗಿಯ ಹೊಸ ಲೇಔಟಿನಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ. ಸದ್ದು ಕಮ್ಮಿ ಎಂದು ಅಲ್ಲಿಗೆ ಹೋದೆ. ಕಿಟಕಿಯ ಗಾಜಿಗೆ ಕಪ್ಪು ಹಾಳೆ ಅಂಟಿಸಿದ್ದೇನೆ. ಪಕ್ಕದ ಮನೆಯಾಕೆ ಬಹಳ ದಿನ ನಾನು ಒಳಗೆ ಏನೋ ಮಾಟ ಮಾಡುತ್ತೇನೆ ಎಂದೇ ತಿಳಿದಿದ್ದಳು. ನೋವು ಬಂದ ದಿನ ನಾನು ಆ ಕತ್ತಲೆಯಲ್ಲಿ ನೆಲಕ್ಕೆ ಬೆನ್ನು ಹಚ್ಚಿ ಮಲಗುತ್ತೇನೆ. ಹಾಸಿಗೆ ಮೆತ್ತಗಾದರೆ ಬೆನ್ನು ನೋಯುತ್ತದೆ, ದಿಂಬು ಇಟ್ಟರೆ ಕುತ್ತಿಗೆ ನೋಯುತ್ತದೆ. ಬೀದಿಯಲ್ಲಿ ಯಾರೋ ಬಕೆಟ್ ಇಟ್ಟ ಸದ್ದು ನನ್ನ ಹಲ್ಲಿನವರೆಗೆ ಬರುತ್ತದೆ. ಪಕ್ಕದ ಮನೆಯ ಒಗ್ಗರಣೆಯ ವಾಸನೆ ಬಂದರೆ ಎದ್ದು ಬಚ್ಚಲಿಗೆ ಓಡುತ್ತೇನೆ. ವಾಂತಿ ಮಾಡುವಾಗ ಹಣೆ ಹಿಡಿಯಲು ಒಬ್ಬರು ಬೇಕು. ಚಿಕ್ಕವಳಿದ್ದಾಗ ಜ್ವರ ಬಂದರೆ ಅಕ್ಕ ಹಿಡಿಯುತ್ತಿದ್ದಳು. ಈಗ ಎಡಗೈಯಲ್ಲಿ ನಾನೇ ನನ್ನ ಹಣೆ ಹಿಡಿದುಕೊಳ್ಳುತ್ತೇನೆ, ಬಲಗೈಯಲ್ಲಿ ನಲ್ಲಿ ತಿರುಗಿಸುತ್ತೇನೆ. ನಾನು ಮದುವೆಯಾಗಲಿಲ್ಲ, ಅದರ ಬಗ್ಗೆ ನನಗೆ ದೊಡ್ಡ ದುಃಖವೂ ಇಲ್ಲ. ಆದರೆ ಆ ಒಂದು ಗಳಿಗೆಯಲ್ಲಿ ಮಾತ್ರ ಒಂಟಿ ಇದ್ದೇನೆ ಅನ್ನಿಸಿ ಅಳು ಬರುತ್ತದೆ. ಅತ್ತರೆ ನೋವು ಹೆಚ್ಚಾಗುತ್ತದೆ, ಅದಕ್ಕೇ ಅಳುವುದಿಲ್ಲ.

ಡಾಕ್ಟರು ಎಕ್ಸರೇ ಬೆಳಕಿಗೆ ಹಿಡಿದು ನೋಡಿದರು. ಕುತ್ತಿಗೆಯ ಎಲುಬಿಗೆ ಇರಬೇಕಾದ ಬಾಗು ಹೋಗಿ ನೆಟ್ಟಗಾಗಿದೆ, ಬೆನ್ನೂ ಅದರ ಜೊತೆಗೆ ಬಿಗಿದುಕೊಂಡಿದೆ ಎಂದರು. ಮೈಗ್ರೇನ್ ಬೇರೆ, ಕುತ್ತಿಗೆ ನೋವು ಬೇರೆ; ನಿಮ್ಮಲ್ಲಿ ಎರಡೂ ಸೇರಿವೆ, ಒಂದು ಇನ್ನೊಂದನ್ನು ಎಬ್ಬಿಸುತ್ತದೆ ಎಂದರು. ಗುಳಿಗೆ ಬರೆದರು, ವ್ಯಾಯಾಮ ಹೇಳಿದರು, ಕುತ್ತಿಗೆಗೆ ಪಟ್ಟಾ ಕೊಟ್ಟರು. ಹೊಟ್ಟೆ ಖಾಲಿ ಬಿಡಲೇಬಾರದು, ಖಾಲಿ ಹೊಟ್ಟೆಗೆ ಗುಳಿಗೆ ನುಂಗಲೂಬಾರದು ಎಂದು ಎರಡೆರಡು ಸಲ ಎಚ್ಚರಿಸಿದರು. ಪಟ್ಟಾ ಹಾಕಿಕೊಂಡ ದಿನ ಸಿಟಿ ಬಸ್ಸಿನಲ್ಲಿ ಎದ್ದು ಜಾಗ ಕೊಟ್ಟರು. ತಲೆನೋವಿಗೆ ಯಾರೂ ಯಾವತ್ತೂ ಜಾಗ ಕೊಟ್ಟಿಲ್ಲ. ಕಣ್ಣಿಗೆ ಕಾಣುವ ರೋಗವಾದರೂ ಬರಬಾರದಿತ್ತೇ ಎಂದು ಸಿಟ್ಟು ಬರುತ್ತದೆ.

ಅಕ್ಕನಿಗಂತೂ ಪಟ್ಟಾ ಕೂಡ ಕಾಣಲಿಲ್ಲ. ಅವಳ ಗಂಡನ ಮನೆ ಕಮಲಾಪುರದಲ್ಲೇ. ಬಾಳೆತೋಟ, ದನ, ಬಂದು ಹೋಗುವವರು, ಒಂದು ದಿನ ಕೂತು ಉಂಡವಳಲ್ಲ. ತಲೆನೋವು ಬಂದರೆ ಸೆರಗು ಬಿಗಿದು ಕಟ್ಟಿಕೊಂಡು ರೊಟ್ಟಿ ಬಡಿದವಳು. "ತಲಿ ಅಂದಮ್ಯಾಲ ನೋಯ್ತದವ್ವಾ, ಅದಕ್ಕೇನ್ ಕತ್ತಲಿ ಕ್ವಾಣ್ಯಾಗ ಹೊಕ್ಕೊಂಡು ಕುಂಡ್ರೂದು? ಗಂಡ ಇಲ್ಲ, ಮಕ್ಕಳಿಲ್ಲ, ಕುಂತ ಕೆಲಸ. ಪುರಸೊತ್ತ ಇದ್ದವರಿಗಿ ಬರೋ ಬ್ಯಾನಿ ಇದು." ಇದನ್ನು ಅವಳು ನಗುತ್ತಲೇ ಅಂದಳು. ನಾನೂ ನಕ್ಕೆ. ಆದರೆ ಅಂದಿನಿಂದ ನನಗೆ ಬೇಕಾಗಿದ್ದುದು ಒಂದೇ. ಗುಳಿಗೆ ಅಲ್ಲ, ಆರೈಕೆಯೂ ಅಲ್ಲ. ನನ್ನ ತಂಗಿಗೆ ತಲೆ ನೋಯುತ್ತದೆ ಎಂದು ಅಕ್ಕ ಒಂದು ಸಲ, ನಾಲ್ಕು ಜನರ ಮುಂದೆ, ನಂಬಿ ಹೇಳಬೇಕಿತ್ತು. ಈ ಲೋಕದಲ್ಲಿ ನನ್ನನ್ನು ನಂಬಬೇಕಾದವಳು ಅವಳೊಬ್ಬಳೇ ಉಳಿದಿದ್ದಳು.

ಹೋದ ವರ್ಷ ಅಕ್ಕನ ಮಗಳ ಕುಬಸ ಇತ್ತು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ ಹಸಿರು ಬಳೆ ಇಡಿಸುವ ಕಾರ್ಯ. ಸೀರೆ ಚಿಗವ್ವನೇ, ಅಂದರೆ ನಾನೇ, ತರಬೇಕು, ಅವಳೇ ಮೊದಲು ಆರತಿ ಎತ್ತಬೇಕು ಎಂದು ಅಕ್ಕ ಊರಿಗೆಲ್ಲ ಹೇಳಿಟ್ಟಿದ್ದಳು. ಕಲಬುರಗಿಯ ಅಂಗಡಿಗಳನ್ನೆಲ್ಲ ಸುತ್ತಿ ಸಣ್ಣ ಜರಿಯ ಹಸಿರು ಸೀರೆ ತಂದಿಟ್ಟೆ. ಕಾರ್ಯದ ದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬಗ್ಗಿ ಕೂದಲು ಹಿಂಡುವಾಗ ಹೆಡಕು ಹಿಡಿಯಿತು. ಬಾಚಣಿಗೆ ಕೈಗೆ ತಗೊಳ್ಳುವಷ್ಟರಲ್ಲಿ ಕನ್ನಡಿಯಲ್ಲಿ ನನ್ನ ಅರ್ಧ ಮುಖ ಇರಲಿಲ್ಲ. ನೆಲದ ಮೇಲೆ ಬಿದ್ದುಕೊಂಡವಳು ಸಂಜೆಯವರೆಗೆ ಏಳಲಿಲ್ಲ. ಫೋನು ಸದ್ದಿಲ್ಲದೆ ಮತ್ತೆ ಮತ್ತೆ ಬೆಳಗಿತು, ಆ ಬೆಳಕೇ ಸೂಜಿ ಚುಚ್ಚಿದಂತಿತ್ತು, ಮಗುಚಿ ಇಟ್ಟೆ. ಸೀರೆಯ ಚೀಲ ನನ್ನ ಪಕ್ಕದಲ್ಲೇ ಇತ್ತು.

ಅಲ್ಲಿ ಜನ ಕಾದು, ಮುಹೂರ್ತ ಮೀರಿ, ಕೊನೆಗೆ ಅಕ್ಕ ತನ್ನ ಪೆಟ್ಟಿಗೆಯಿಂದ ಒಂದು ಹಳೆಯ ಹಸಿರು ಸೀರೆ ತೆಗೆದು ಮಗಳಿಗೆ ಉಡಿಸಿದಳಂತೆ. ಮರುದಿನ ನಾನೇ ಫೋನ್ ಮಾಡಿದೆ. "ತಲಿ ನೋಯ್ತಿತ್ತು ಅಂತ ಹೇಳಬ್ಯಾಡ," ಅಂದಳು ಅಕ್ಕ, "ಮಂದಿ ಮುಂದ ನನ್ನ ಮಾನ ಕಳದಿ. ಬರಾಕ ಮನಸ್ಸಿಲ್ಲಂದ್ರ ಸೀರಿಯಾದ್ರೂ ಕಳಿಸಬೇಕಿತ್ತು." ಇಟ್ಟುಬಿಟ್ಟಳು. ಆಮೇಲೆ ನಾನು ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಅಲ್ಲಿಯವರೆಗೆ ಆಗಾಗ ಕಮಲಾಪುರದಿಂದ ಬರುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಅಕ್ಕ ಕೆಂಪು ಬಾಳೆಹಣ್ಣು ಕಳಿಸುತ್ತಿದ್ದಳು. ನಾನು ಬಸ್‌ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುತ್ತಿದ್ದೆ, ಅರ್ಧ ಚಾಚಾನ ಮನೆಗೆ, ಅರ್ಧ ನನಗೆ. ಅದೂ ನಿಂತಿತು. ಅವಳ ಮಗಳಿಗೆ ಗಂಡು ಕೂಸು ಹುಟ್ಟಿದ ಸುದ್ದಿ ನನಗೆ ಬಂದದ್ದು ವಾಟ್ಸಾಪಿನಲ್ಲಿ. ಬಜಾರದಲ್ಲಿ ಬಂಡಿಯ ಮೇಲೆ ಕೆಂಪು ಬಾಳೆ ಕಂಡರೆ ನಾನು ಆ ಕಡೆ ನೋಡುತ್ತಿರಲಿಲ್ಲ. ಕುತ್ತಿಗೆ ಎಡಕ್ಕೆ ಮಾತ್ರ ಸಲೀಸಾಗಿ ತಿರುಗುತ್ತದೆ, ಬಂಡಿ ನಿಲ್ಲುವುದೂ ಎಡಕ್ಕೇ. ಹಟ ಮಾಡಿ ನೇರ ನಡೆಯುತ್ತಿದ್ದೆ.

ಈ ಚಳಿಗಾಲದಲ್ಲಿ ಒಂದು ಶನಿವಾರ ಅಕ್ಕನ ಮಗಳು ಫೋನ್ ಮಾಡಿದಳು. "ಚಿಗವ್ವಾ, ಅವ್ವಗ ಚಳಕ ಹಿಡದದ. ಗೊನಿ ಎತ್ತಾಕ ಹೋಗಿ ಹಂಗೇ ನಿಂತಬಿಟ್ಟಾಳ. ಇಂಜೆಕ್ಷನ್ ಮಾಡಿಸಿದ್ರೂ ಕಡಿಮಿ ಆಗವಲ್ಲದು."

"ನನಗ ಕರಿ ಅಂದಳೇನು?" ಕೇಳಿದೆ.

"ನಿನ್ನ ಹೆಸರ ತಗೀಲಿಲ್ಲ. ಆ ಕಾಲಿನಾಕಿಗಿ ಹೇಳು ಅಂದಳು."

ನನಗೆ ಈ ಒದೆಯುವುದರಲ್ಲಿ ನಂಬಿಕೆ ಇದೆಯೇ? ಇಲ್ಲ. ಎಕ್ಸರೇ ನೋಡಿದ ಮೇಲಂತೂ ಇಲ್ಲ. ಆದರೆ ಅಕ್ಕನಿಗೆ ಇದೆ, ಅದೂ ಕಟ್ಟುನಿಟ್ಟಾಗಿ. ಉಪವಾಸ ಬಸ್ಸಿನಲ್ಲಿ ಕೂತರೆ ನನ್ನ ಗತಿ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಭಾನುವಾರ ಬಸ್‌ಸ್ಟ್ಯಾಂಡಿನಲ್ಲಿ ಒಂದು ಬಿಸ್ಕೀಟು ತಿಂದರೆ ಯಾರಿಗೆ ತಿಳಿಯುತ್ತದೆ ಅನ್ನಿಸಿತು. ಕೈ ಪರ್ಸಿನವರೆಗೆ ಹೋಯಿತು. ನನ್ನ ನೋವನ್ನು ನಂಬದವಳ ನಂಬಿಕೆಗೆ ನಾನೇಕೆ ಹಸಿದಿರಬೇಕು ಎಂದು ಸಿಟ್ಟೂ ಬಂತು. ಆದರೂ ತಿನ್ನಲಿಲ್ಲ. ಅವಳ ಬೆನ್ನು ನಿಜವಾಗಿ ನೋಯುತ್ತಿತ್ತಲ್ಲ. ಹಸಿರು ಸೀರೆಯ ಚೀಲ ಮಾತ್ರ ಜೊತೆಗೆ ತಗೊಂಡಿದ್ದೆ.

ಬಸ್ಸಿನ ಕಿಟಕಿಯಿಂದ ಬಿಸಿಲು ಕಂಬದ ನೆರಳಿನ ನಡುನಡುವೆ ಬಡಿಯುತ್ತಿತ್ತು. ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಬೆಳಕು, ಕತ್ತಲೆ, ಬೆಳಕು, ಕತ್ತಲೆ. ರಸ್ತೆಯ ಪ್ರತಿ ಕುಣಿ, ಗುಂಡಿಯೂ ಪಟ್ಟಾದ ಒಳಗೆ ಹೆಡಕಿಗೆ ತಗಲಿತು. ಕಮಲಾಪುರ ಇನ್ನೇನು ಬಂತು ಅನ್ನುವಾಗ ಡೊಂಕು ಗೆರೆ ಮಿಣಮಿಣ ಎಂದಿತು. ಇನ್ನು ಸ್ವಲ್ಪ ಹೊತ್ತು ಮಾತ್ರ ನಾನು ನಿಲ್ಲಬಲ್ಲೆ ಎಂದು ತಿಳಿದು ಬಸ್ಸಿಳಿದು ಬಿರಬಿರನೆ ನಡೆದೆ.

ಅಕ್ಕ ಆಗಲೇ ಪಡಸಾಲೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಬೆನ್ನು ನನ್ನ ಕಡೆಗೆ. ಮುಖ ಕಾಣಲಿಲ್ಲ. ಇಷ್ಟು ದಿನ ಮಾತು ಬಿಟ್ಟ ಅಕ್ಕನನ್ನು ನೋಡಲು ಬಂದರೆ ಮಾತಾಡಲೇಬಾರದ ಕಾರ್ಯ! ಮಗಳು ಕೂಸನ್ನು ಎತ್ತಿಕೊಂಡು ಒಂದು ಬದಿಗೆ ನಿಂತು ಕಣ್ಣಿನಲ್ಲೇ ಬಾ ಎಂದಳು. ನಾನು ಚಪ್ಪಲಿ ಬಿಟ್ಟೆ, ಚೀಲ ಇಟ್ಟೆ, ಪಟ್ಟಾ ಬಿಚ್ಚಿದೆ.

ಈಗ ನನ್ನನ್ನು ಎತ್ತಿ ಹಿಡಿಯಲು ಅಕ್ಕ ಹಿಂದೆ ಇರಲಿಲ್ಲ. ಗೋಡೆಗೆ ಕೈ ಕೊಟ್ಟು ಕಾಲೆತ್ತಿದೆ. ನನ್ನ ಸೊಂಟ ಕಟಕ್ಕೆಂದಿತು. ಮೊದಲನೆಯದು ಬೆನ್ನಿಗೆ ತಗಲಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ. ಎರಡನೆಯದು ಸರಿಯಾಗಿ. ಆ ಬೆನ್ನಿನ ಮೇಲೆ ನನ್ನನ್ನು ಉಪ್ಪಿನ ಮೂಟೆಯಂತೆ ಹೊತ್ತು ಓಣಿ ತುಂಬ ತಿರುಗಿಸಿದವಳು ಅವಳು. ಎಷ್ಟು ಬಡವಾಗಿದೆ ಎಂದು ಪಾದಕ್ಕೆ ಗೊತ್ತಾಯಿತು. ಮೂರನೆಯದು ಒದೆಯುವಾಗ ನನಗೆ ಅವಳ ಬೆನ್ನಿನ ಎಡಭಾಗ ಕಾಣುತ್ತಲೇ ಇರಲಿಲ್ಲ.

ನಮಸ್ಕಾರಕ್ಕೆ ಬಗ್ಗಿದೆ. ಅರ್ಧಕ್ಕೆ ಹೆಡಕು ಹಿಡಿದುಕೊಂಡಿತು. ಕೆಳಗೂ ಹೋಗಲಾರೆ, ಮೇಲೂ ಏಳಲಾರೆ. ಎಡಗಣ್ಣಿನೊಳಗೆ ಬಡಿತ ಶುರುವಾಯಿತು. ಅಕ್ಕನ ಬಿರಿದ ಹಿಮ್ಮಡಿ ಕಾಣುತ್ತಿದೆ, ನನ್ನ ಕೈ ಅದರಿಂದ ಒಂದು ಗೇಣು ದೂರ ಗಾಳಿಯಲ್ಲೇ ನಿಂತಿದೆ. ಅಕ್ಕಾ ಎಂದರೆ ಎಲ್ಲ ಕೆಡುತ್ತದೆ. ಹಲ್ಲು ಕಚ್ಚಿದೆ. ಅವಳು ಕಾಯುತ್ತಿದ್ದಳು, ಅವಳ ಕಾಲ ಹೆಬ್ಬೆರಳು ನೆಲ ಕೆರೆಯಿತು. ನನ್ನ ಮೂಗಿನಿಂದ ಒಂದು ಸದ್ದು ಹೊರಟಿತು, ನರಳಿದ್ದೋ ಉಸಿರೋ ನನಗೇ ತಿಳಿಯಲಿಲ್ಲ.

ಅಕ್ಕ ತಿರುಗಿಬಿಟ್ಟಳು.

"ಏನಾತು ತಂಗೀ?" ಅಂದಳು.

"ಅವ್ವಾ, ಹೊಳ್ಳಿ ನೋಡಬ್ಯಾಡ!" ಎಂದು ಮಗಳು ಕೂಗಿದ್ದು ತಡವಾಗಿತ್ತು. ತಿರುಗಿದ ರಭಸಕ್ಕೆ ಅಕ್ಕ ಸೊಂಟ ಹಿಡಿದು "ಯಪ್ಪಾ" ಎಂದಳು. ನಾನು ಹೊಸ್ತಿಲ ಹತ್ತಿರ ಕುಸಿದು ವಾಂತಿ ಮಾಡಿಕೊಂಡೆ, ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಬರೀ ಹುಳಿನೀರು. ಅಕ್ಕನಿಗೆ ಬಗ್ಗಲು ಬಾರದು. ಚೌಕಟ್ಟಿಗೆ ಬೆನ್ನು ಹಚ್ಚಿ, ನರಳುತ್ತ, ಇಂಚಿಂಚಾಗಿ ಜಾರಿ ಕೂತಳು. ಕೂತು ನನ್ನ ಹಣೆ ಹಿಡಿದಳು. ರೊಟ್ಟಿ ಬಡಿದು ಒರಟಾದ, ತಣ್ಣನೆಯ ಅಂಗೈ. ಬಹಳ ಹೊತ್ತು ಹಿಡಿದೇ ಇದ್ದಳು. ನನ್ನ ಬಿಳುಪೇರಿದ ಮುಖ, ನೀರಿಳಿಯುವ ಒಂದು ಕಣ್ಣು, ತಿರುಗದ ಕುತ್ತಿಗೆ, ಎಲ್ಲವನ್ನೂ ಹತ್ತಿರದಿಂದ ನೋಡಿದಳು. ನನ್ನ ನೋವನ್ನು ಅವಳು ಕಣ್ಣಾರೆ ಕಂಡದ್ದು ಅದೇ ಮೊದಲು. ಯಾವಾಗಲೂ ಅದು ಬಂದಾಗ ನಾನು ಬಾಗಿಲು ಹಾಕಿಕೊಂಡೇ ಇದ್ದೆನಲ್ಲ.

"ತಿರಗಬಾರದಿತ್ತಕ್ಕಾ. ನಿನ್ನ ಚಳಕ ಹಂಗೇ ಉಳೀತು," ಅಂದೆ.

"ಉಳೀಲಿ, ಬಾಯಿ ಮುಚ್ಚು," ಅಂದಳು. ಆಮೇಲೆ ನನ್ನ ಹೆಡಕಿನ ಮೇಲೆ ಕೈಯಿಟ್ಟು, "ನಿನಗ ಯಾರ ಒದೀಬೇಕವ್ವಾ?" ಎಂದಳು.

ಒಳಕೋಣೆಯಲ್ಲಿ ಚಾಪೆ ಹಾಸಿದರು. ಅಲ್ಲಿಯ ಕಿಟಕಿಗೆ ಬಾಗಿಲಿರಲಿಲ್ಲ, ಬಿಸಿಲು ನೇರ ಮುಖಕ್ಕೆ. "ಬೆಳಕ ಚುಚ್ಚತದೇನು?" ಎಂದು ಅಕ್ಕ ಕೇಳಿದಳು. ಹೂಂ ಅಂದೆ. ಅವಳು ಮಗಳಿಂದ ನನ್ನ ಚೀಲ ತರಿಸಿ, ಒಳಗಿದ್ದುದನ್ನು ಕೈಯಿಂದ ತಡವಿ ನೋಡಿದಳು. ಆಮೇಲೆ ಅದೇ ಹಸಿರು ಸೀರೆಯನ್ನು ನಾಲ್ಕು ಮಡಿಕೆ ಮಾಡಿಸಿ ಕಿಟಕಿಗೆ ಕಟ್ಟಿಸಿದಳು. ಕೋಣೆ ಕತ್ತಲಾಯಿತು. ಒಂದು ತುಂಡು ಬಾಳೆಹಣ್ಣು ನನ್ನ ಬಾಯಿಗಿಟ್ಟು, ನನ್ನ ಪರ್ಸಿನಲ್ಲಿದ್ದ ಗುಳಿಗೆ ಕೊಟ್ಟು, ಕದ ಎಳೆದುಕೊಂಡು ಹೊರಗೆ ಕೂತಳು.

ನೋವು ತನ್ನ ದಾರಿ ತಾನು ಹಿಡಿದಿತ್ತು. ಅದರೊಳಗೆ ನಾನು ಎಂದಿನಂತೆ ಒಬ್ಬಳೇ. ಅಲ್ಲಿಗೆ ಯಾರೂ ಜೊತೆಗೆ ಬರಲಾರರು, ಅಕ್ಕನೂ ಬರಲಾರಳು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಓಣಿಯ ಹೆಂಗಸರ ಗದ್ದಲ ಕೇಳಿತು. ಚಳಕು ಬಿಟ್ಟಿತೋ ಇಲ್ಲವೋ ವಿಚಾರಿಸಲು ಬಂದಿದ್ದರು. ಯಾರೋ ಜೋರಾಗಿ ನಕ್ಕರು. ಆಗ ಅಕ್ಕ ಅವರಿಗೆ ಗದರಿದ್ದು ಕದದ ಈಚೆಗೆ ನನಗೆ ಸ್ಪಷ್ಟವಾಗಿ ಕೇಳಿತು.

"ಹಳೂಕ ಮಾತಾಡ್ರಿ. ಒಳಗ ನನ್ನ ತಂಗಿಗಿ ತಲಿ ನೋಯಾಕತ್ತದ."